ಅಂಟಿನ ಹಿಂದಿನ ಯಂತ್ರ: ಹಳೆಯ ಫಿಟ್‌ನೆಸ್ ಬ್ಯಾಂಡಿನ ಮನೆ ರಿಪೇರಿ

ಮಣಿಕಟ್ಟಿನಲ್ಲಿ ಕುಳಿತು ಹೆಜ್ಜೆ, ನಾಡಿಬಡಿತ, ನಿದ್ರೆಗಳ ಲೆಕ್ಕವಿಡುವ ಫಿಟ್‌ನೆಸ್ ಬ್ಯಾಂಡಿಗೆ ಮುಪ್ಪು ಬರುವ ಬಗೆ ಕೀಲಿ ಕೊಡುವ ಗಡಿಯಾರದ್ದಕ್ಕಿಂತ ಬೇರೆ. ಗಡಿಯಾರದಲ್ಲಿ ಹಲ್ಲುಗಾಲಿಗಳು ಒಂದಕ್ಕೊಂದು ಉಜ್ಜಿ ಸವೆಯುತ್ತವೆ. ಬ್ಯಾಂಡಿನೊಳಗೆ ತಿರುಗುವ ಭಾಗವೆಂದರೆ ಕಂಪನ ಹುಟ್ಟಿಸುವ ಪುಟ್ಟ ಮೋಟಾರು ಮಾತ್ರ, ಮಿಕ್ಕ ಚಿಪ್‌ಗಳು ತೇವ ತಾಗದಿದ್ದರೆ ಬಹುಕಾಲ ಬಾಳುತ್ತವೆ. ಹಾಳಾಗುವುದು ಬ್ಯಾಟರಿಯೊಳಗಿನ ರಸಾಯನ, ಬೆವರಿನಲ್ಲಿ ನೆನೆಯುವ ಚಾರ್ಜಿಂಗ್ ಬಿಂದುಗಳು, ಚರ್ಮಕ್ಕೆ ಒರೆಯುವ ಪಟ್ಟಿ ಮತ್ತು ಇಡೀ ಕವಚವನ್ನು ಮುಚ್ಚಿಟ್ಟಿರುವ ಅಂಟು. ಈ ನಾಲ್ಕರಲ್ಲಿ ಅಂಟಿನ ಪಾತ್ರ ವಿಚಿತ್ರವಾದದ್ದು: ನೀರನ್ನು ಹೊರಗಿಡುವುದೂ ಅದೇ, ರಿಪೇರಿ ಮಾಡಲು ಬಂದ ಕೈಯನ್ನು ಹೊರಗಿಡುವುದೂ ಅದೇ. ಆದ್ದರಿಂದ ಬ್ಯಾಂಡನ್ನು ಬಿಚ್ಚುವ ಕಲೆಗಿಂತ, ಬಿಚ್ಚದೆಯೇ ಎಷ್ಟರಮಟ್ಟಿಗೆ ಸರಿಪಡಿಸಬಹುದು ಎಂಬ ತಿಳಿವಳಿಕೆಗೆ ಮೊದಲ ಬೆಲೆ.

ಸತ್ತಿತೆಂದು ಮೂಲೆಗೆ ಬಿದ್ದ ಬ್ಯಾಂಡುಗಳಲ್ಲಿ ಕೆಲವಕ್ಕೆ ಬಂದಿರುವುದು ಬ್ಯಾಟರಿಯ ಕಾಯಿಲೆಯೇ ಅಲ್ಲ. ಹಿಂಬದಿಯಲ್ಲಿ ಕಾಣುವ ಎರಡು ಅಥವಾ ಹೆಚ್ಚಿನ ಲೋಹದ ಚುಕ್ಕೆಗಳೇ ಚಾರ್ಜರಿನ ಪಿನ್ನುಗಳು ಬಂದು ತಾಗುವ ಜಾಗ. ಬೆವರಿನಲ್ಲಿ ಉಪ್ಪಿದೆ, ಉಪ್ಪುನೀರು ವಿದ್ಯುತ್ತನ್ನು ಹರಿಯಬಿಡುತ್ತದೆ. ಒದ್ದೆಯಾದ ಬ್ಯಾಂಡನ್ನು ಹಾಗೆಯೇ ಚಾರ್ಜಿಗೆ ಹಾಕಿದಾಗ ಎರಡು ಚುಕ್ಕೆಗಳ ನಡುವೆ ವಿದ್ಯುದ್ವಿಭಜನೆ ನಡೆದು, ಅಂದರೆ ವಿದ್ಯುತ್ ಹರಿವಿನಿಂದಲೇ ಲೋಹ ಕರಗಿ ಬೇರೆ ಸಂಯುಕ್ತವಾಗಿ, ಹಸಿರು ಇಲ್ಲವೇ ಕಪ್ಪು ಪದರವೊಂದು ಬೆಳೆಯುತ್ತದೆ. ಚಾರ್ಜರನ್ನು ಬೆರಳಿನಿಂದ ಒತ್ತಿ ಹಿಡಿದಾಗ ಮಾತ್ರ ಚಾರ್ಜ್ ಆಗುತ್ತಿದ್ದರೆ ದೋಷ ಇಲ್ಲಿಯೇ ಇದೆ ಎಂದು ಶಂಕಿಸಬಹುದು. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಐಪಿಎ ಎಂದೇ ಕರೆಯುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಮೃದುವಾದ ಹಲ್ಲುಜ್ಜುವ ಬ್ರಷ್ಷಿಗೆ ಒಂದೆರಡು ಹನಿ ಹಾಕಿ ಉಜ್ಜಿದರೆ ಪದರ ಸಾಮಾನ್ಯವಾಗಿ ಬಿಡುತ್ತದೆ. ಚಾಕುವಿನ ತುದಿ, ಉಪ್ಪುಕಾಗದಗಳನ್ನು ಹತ್ತಿರ ತರಬಾರದು. ಚುಕ್ಕೆಗಳ ಮೇಲಿನ ಚಿನ್ನದ ಲೇಪ ತೀರಾ ತೆಳು, ಅದು ಕೆರೆದುಹೋದರೆ ಅಡಿಯ ಲೋಹ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಚಾರ್ಜರಿನ ಪಿನ್ನುಗಳನ್ನೂ ನೋಡಬೇಕು, ಏಕೆಂದರೆ ಅವುಗಳ ಒಳಗಿನ ಸಣ್ಣ ಸ್ಪ್ರಿಂಗ್ ಕೊಳೆಯಿಂದ ಸಿಕ್ಕಿಕೊಂಡು ಪಿನ್ನು ಮೇಲೇಳದೆ ಉಳಿಯುವುದುಂಟು.

ನಾಡಿಬಡಿತ ತಪ್ಪಾಗಿ ತೋರುವುದಕ್ಕೂ ಹಲವು ಸಲ ಇಂಥದೇ ಸರಳ ಕಾರಣವಿರುತ್ತದೆ. ಬ್ಯಾಂಡಿನ ಅಡಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದೊಳಕ್ಕೆ ಹೋಗಿ, ರಕ್ತ ಅದರಲ್ಲಿ ಒಂದಿಷ್ಟನ್ನು ಹೀರಿಕೊಂಡು, ಉಳಿದದ್ದು ಹಿಂದಿರುಗಿ ಪಕ್ಕದ ಬೆಳಕಿನ ಸಂವೇದಕವನ್ನು ತಲುಪುತ್ತದೆ; ಪ್ರತಿ ಬಡಿತಕ್ಕೂ ರಕ್ತದ ಪ್ರಮಾಣ ಏರಿಳಿಯುವುದರಿಂದ ಹಿಂದಿರುಗುವ ಬೆಳಕೂ ಏರಿಳಿಯುತ್ತದೆ, ಆ ಏರಿಳಿತವನ್ನು ಎಣಿಸಿದರೆ ನಾಡಿ ಸಿಗುತ್ತದೆ. ಸಂವೇದಕದ ಗಾಜಿನ ಮೇಲೆ ಎಣ್ಣೆ, ಸಾಬೂನು, ಸತ್ತ ಚರ್ಮದ ಪದರ ಕೂತರೆ ಅಥವಾ ಹಿಗ್ಗಿದ ಪಟ್ಟಿಯ ಸಂದಿನಿಂದ ಬಿಸಿಲು ನುಗ್ಗಿದರೆ ಲೆಕ್ಕ ಕೆಡುತ್ತದೆ. ಹೀಗಾಗಿ ಪಟ್ಟಿ ಬದಲಿಸುವುದು ಬರೀ ಅಂದದ ಮಾತಲ್ಲ. ಗಡಿಯಾರದಂಥ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ 18, 20 ಅಥವಾ 22 ಮಿಲಿಮೀಟರ್ ಅಗಲದ್ದಾಗಿದ್ದು, ಎರಡು ತುದಿಗಳಲ್ಲಿರುವ ಸ್ಪ್ರಿಂಗ್ ಕಡ್ಡಿಯನ್ನು ಒತ್ತಿದರೆ ಕಳಚಿ ಬರುತ್ತದೆ.

ಇನ್ನು ಬ್ಯಾಟರಿ. ಬ್ಯಾಂಡಿನಲ್ಲಿರುವುದು ಲಿಥಿಯಂ ಪಾಲಿಮರ್ ಬಗೆಯದು, ಅಂದರೆ ಗಟ್ಟಿ ಲೋಹದ ಡಬ್ಬಿಯ ಬದಲು ತೆಳು ಹಾಳೆಯ ಚೀಲದಲ್ಲಿ ವಿದ್ಯುದಗ್ರಗಳ ಪದರಗಳನ್ನು ಮಡಿಸಿಟ್ಟದ್ದು. ಶವೋಮಿಯ ಮಿ ಬ್ಯಾಂಡ್ 2ರಲ್ಲಿ ಅದರ ಸಾಮರ್ಥ್ಯ 70 ಮಿಲಿ ಆಂಪಿಯರ್ ಅವರ್, ಮಿ ಬ್ಯಾಂಡ್ 4ರಲ್ಲಿ 135. ಇಂದಿನ ಮೊಬೈಲುಗಳ 5,000ದ ಮುಂದೆ ಇದು ಅತ್ಯಲ್ಪ. ಪ್ರತಿ ಸಲ ಚಾರ್ಜ್ ಆಗಿ ಬರಿದಾದಾಗಲೂ ಒಳಗಿನ ಲಿಥಿಯಂನ ಒಂದು ಸಣ್ಣ ಪಾಲು ಅಡ್ಡ ಕ್ರಿಯೆಗಳಲ್ಲಿ ಸಿಕ್ಕಿಬಿದ್ದು ಮತ್ತೆ ಕೆಲಸಕ್ಕೆ ಬಾರದಂತಾಗುತ್ತದೆ, ಶಾಖ ಈ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬ್ಯಾಂಡನ್ನು ಬಿಟ್ಟುಹೋಗುವ ಅಭ್ಯಾಸ ಅದಕ್ಕಾಗಿಯೇ ಕೆಟ್ಟದ್ದು. ಸಾಮರ್ಥ್ಯ ಇಳಿಯುವುದರ ಜೊತೆಗೆ ಆಂತರಿಕ ರೋಧವೂ, ಎಂದರೆ ಬ್ಯಾಟರಿ ತನ್ನೊಳಗಿನ ಹರಿವಿಗೆ ತಾನೇ ಒಡ್ಡುವ ತಡೆಯೂ ಏರುತ್ತದೆ. ಇಪ್ಪತ್ತು ಮೂವತ್ತು ಶೇಕಡಾ ಚಾರ್ಜ್ ತೋರಿಸುತ್ತಿದ್ದ ಬ್ಯಾಂಡು ಅಲಾರಂನ ಕಂಪನ ಶುರುವಾದೊಡನೆ ಆರಿಹೋಗುವುದು ಇದರ ಲಕ್ಷಣ. ಮೋಟಾರು ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಕೊಡುವಾಗ ವೋಲ್ಟೇಜು ಕುಸಿದು, ಬ್ಯಾಟರಿ ಬರಿದಾಯಿತೆಂದೇ ಚಿಪ್ ತಿಳಿಯುತ್ತದೆ.

ಹೊಸ ಬ್ಯಾಟರಿ ಹುಡುಕುವುದಕ್ಕೆ ಹಳೆಯದರ ಮೇಲೆ ಅಚ್ಚಾಗಿರುವ ಅಂಕಿಗಳೇ ದಾರಿ. ಉದಾಹರಣೆಗೆ 401015 ಎಂದಿದ್ದರೆ ಮೊದಲ ಎರಡು ಅಂಕಿಗಳು ದಪ್ಪ 4.0 ಮಿಲಿಮೀಟರ್ ಎಂದೂ, ನಂತರದ ಎರಡು ಅಗಲ 10 ಎಂದೂ, ಕೊನೆಯ ಎರಡು ಉದ್ದ 15 ಎಂದೂ ಹೇಳುತ್ತವೆ. ದಪ್ಪದಲ್ಲಿ ಅರ್ಧ ಮಿಲಿಮೀಟರ್ ಹೆಚ್ಚಾದರೂ ಪರದೆ ಸರಿಯಾಗಿ ಕೂರುವುದಿಲ್ಲ, ಒತ್ತಿ ಕೂರಿಸಿದರೆ ಬ್ಯಾಟರಿಯ ಮೇಲೆ ಸದಾ ಭಾರ ಬೀಳುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಮಾದರಿಯ ಹೆಸರು ಹೇಳಿ ಕೇಳುವುದಕ್ಕಿಂತ ಈ ಅಳತೆ ಹೇಳಿ ಕೇಳುವುದೇ ಹೆಚ್ಚು ಫಲ ಕೊಡುತ್ತದೆ. ತಂತಿಗಳು ಎರಡೋ ಮೂರೋ ಎಂಬುದನ್ನೂ ನೋಡಿಕೊಳ್ಳಬೇಕು. ಮೂರನೆಯದು ಸಾಮಾನ್ಯವಾಗಿ ತಾಪಮಾನ ಅಳೆಯುವ ಥರ್ಮಿಸ್ಟರಿನದು, ಅದಿಲ್ಲದ ಬ್ಯಾಟರಿಯನ್ನು ಜೋಡಿಸಿದರೆ ಬ್ಯಾಂಡು ಚಾರ್ಜ್ ಮಾಡಿಕೊಳ್ಳಲು ನಿರಾಕರಿಸಬಹುದು.

ಬಿಚ್ಚುವ ಮುನ್ನ ಇರುವ ಚಾರ್ಜನ್ನು ಖಾಲಿ ಮಾಡಿಕೊಳ್ಳುವುದು ಜಾಣತನ, ಏಕೆಂದರೆ ಕೈ ತಪ್ಪಿದರೂ ಆಗ ಹೊರಬೀಳುವ ಶಕ್ತಿ ಕಡಿಮೆ. ಪರದೆಯ ಅಂಚಿಗೆ ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಸ್ವಲ್ಪ ದೂರದಿಂದ, ಬೆರಳಿಗೆ ಕಷ್ಟದಿಂದ ತಡೆಯುವಷ್ಟು ಬಿಸಿಯಾಗುವವರೆಗೆ ಮಾತ್ರ ಹಾಯಿಸಿದರೆ ಅಂಟು ಮೆತ್ತಗಾಗುತ್ತದೆ. ಅದರ ಅಡಿಯಲ್ಲೇ ಬ್ಯಾಟರಿ ಇರುವುದರಿಂದ ಅವಸರಕ್ಕೆ ಬಿಸಿ ಹೆಚ್ಚಿಸುವುದು ಸಲ್ಲದು. ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಬಿಸಿ ಮಾಡುವುದೇ ಸರಿ. ಸಂದಿನೊಳಕ್ಕೆ ತೂರಿಸಬೇಕಾದದ್ದು ಗಿಟಾರಿನ ಪಿಕ್‌ನಂಥ ತೆಳು ಪ್ಲಾಸ್ಟಿಕ್, ಬ್ಲೇಡಲ್ಲ. ಪರದೆಗೂ ಬೋರ್ಡಿಗೂ ನಡುವೆ ಬಾಗುವ ಪಟ್ಟಿಕೇಬಲ್ ಇರುತ್ತದೆ, ಅದು ಯಾವ ಬದಿಗಿದೆಯೋ ಆ ಬದಿಯನ್ನು ಕೊನೆಗೆ ಉಳಿಸಿಕೊಂಡು ಪರದೆಯನ್ನು ಪುಸ್ತಕದ ಹೊದಿಕೆಯಂತೆ ತೆರೆಯಬೇಕು. ಬ್ಯಾಟರಿಯ ತಂತಿಗಳನ್ನು ಬೆಸುಗೆ ಹಾಕಿದ್ದರೆ ಒಂದೊಂದನ್ನೇ ಬಿಡಿಸಬೇಕು; ಎರಡನ್ನೂ ಒಂದೇ ಏಟಿಗೆ ಕತ್ತರಿಸಿದರೆ ಕತ್ತರಿಯ ಲೋಹವೇ ಧನ ಋಣಗಳನ್ನು ಕೂಡಿಸಿ ಶಾರ್ಟ್ ಮಾಡುತ್ತದೆ. ಹೊಸದನ್ನು ಜೋಡಿಸುವ ಮೊದಲು ತಂತಿಯ ಬಣ್ಣವನ್ನು ನಂಬದೆ ಮಲ್ಟಿಮೀಟರಿನಲ್ಲಿ ಧ್ರುವ ನೋಡಿಕೊಳ್ಳುವುದು ಒಂದು ನಿಮಿಷದ ಕೆಲಸ, ಬೋರ್ಡನ್ನು ಉಳಿಸುವ ಕೆಲಸ.

ಪರದೆ ತಾನಾಗಿಯೇ ಮೇಲೆದ್ದಿದ್ದರೆ ಈ ಯಾವ ವಿಧಿಯೂ ಅನ್ವಯಿಸದು. ಒಳಗೆ ಅನಿಲ ತುಂಬಿ ಬ್ಯಾಟರಿ ಊದಿಕೊಂಡಿದೆ ಎಂಬುದು ಅದರ ಅರ್ಥವಾಗಿರುವ ಸಂಭವವೇ ಹೆಚ್ಚು, ಅದನ್ನು ಬಿಸಿ ಮಾಡುವುದಾಗಲಿ, ಮೀಟುವುದಾಗಲಿ, ಚಾರ್ಜಿಗೆ ಹಾಕುವುದಾಗಲಿ ಅಪಾಯಕರ. 2022ರ ಮಾರ್ಚಿನಲ್ಲಿ ಫಿಟ್‌ಬಿಟ್ ಕಂಪನಿಯ ಐಯಾನಿಕ್ ಗಡಿಯಾರಗಳನ್ನು ಬ್ಯಾಟರಿ ಮಿತಿಮೀರಿ ಬಿಸಿಯಾಗುವ ಕಾರಣಕ್ಕೆ ಹಿಂಪಡೆಯಲಾಯಿತು. ಅಮೆರಿಕದಲ್ಲಿ ಬಂದಿದ್ದ 115 ದೂರುಗಳಲ್ಲಿ 78 ಸುಟ್ಟಗಾಯದವು. ಇಷ್ಟು ಸಣ್ಣ ಬ್ಯಾಟರಿ ಏನು ಮಾಡೀತು ಎನ್ನುವವರಿಗೆ ಈ ಸಂಖ್ಯೆ ಸಾಕು.

ಮತ್ತೆ ಮುಚ್ಚುವಾಗ ಹಳೆಯ ಅಂಟನ್ನು ಪೂರ್ತಿ ತೆಗೆದು, ಮೊಬೈಲ್ ಪರದೆಗಳಿಗೆ ಬಳಸುವ ಬಿ-7000 ಬಗೆಯ ಅಂಟನ್ನು ತೆಳುವಾಗಿ ಎಳೆದು, ರಬ್ಬರ್ ಬ್ಯಾಂಡು ಸುತ್ತಿ ಒಂದು ದಿನ ಬಿಡುವುದು ರೂಢಿ. ಆದರೂ 5 ಎಟಿಎಂ ಎಂಬ ಮೂಲ ಅಂಕಿತ, ಅಂದರೆ 50 ಮೀಟರ್ ಆಳದ ನಿಂತ ನೀರಿಗೆ ಸಮನಾದ ಒತ್ತಡವನ್ನು ತಡೆಯುವ ಭರವಸೆ, ಅಲ್ಲಿಗೆ ಮುಗಿಯಿತೆಂದೇ ತಿಳಿಯಬೇಕು. ರಿಪೇರಿಯಾದ ಬ್ಯಾಂಡು ಬೆವರನ್ನೂ ತುಂತುರನ್ನೂ ತಾಳೀತು, ಈಜುಕೊಳಕ್ಕೆ ಅದು ತಕ್ಕದ್ದಲ್ಲ.

ನೀರು ತಡೆಯಬೇಕಾದರೆ ಅಂಟಿಸಲೇಬೇಕು ಎಂಬ ತಯಾರಕರ ವಾದ ಪೂರ್ತಿ ನಿಜವೂ ಅಲ್ಲ. ಗಾರ್ಮಿನ್ 2014ರಲ್ಲಿ ತಂದ ವಿವೋಫಿಟ್ ಬ್ಯಾಂಡು ಸಿಆರ್1632 ಎಂಬ ಎರಡು ಗುಂಡಿ ಬ್ಯಾಟರಿಗಳಲ್ಲಿ ವರ್ಷಕ್ಕೂ ಹೆಚ್ಚು ನಡೆಯುತ್ತಿತ್ತು, ಸ್ಕ್ರೂ ಬಿಚ್ಚಿ ಅವನ್ನು ಯಾರು ಬೇಕಾದರೂ ಬದಲಿಸಬಹುದಾಗಿತ್ತು, ಆದರೂ ಅದು 50 ಮೀಟರಿನ ಅಂಕಿತ ಪಡೆದಿತ್ತು. ಅದರ ಪರದೆಗೆ ಹಿಂಬೆಳಕಾಗಲಿ, ಅಡಿಯಲ್ಲಿ ಹಸಿರು ಬೆಳಕಿನ ಸಂವೇದಕವಾಗಲಿ ಇರಲಿಲ್ಲ ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ಮಿನುಗುವ ಬಣ್ಣದ ಪರದೆಯನ್ನು ಬಯಸಿದ ಗ್ರಾಹಕರೂ ಈ ಅಂಟಿನಲ್ಲಿ ಪಾಲುದಾರರೇ.

ಯಂತ್ರ ಸರಿಯಿದ್ದೂ ಬ್ಯಾಂಡು ನಿರುಪಯೋಗಿಯಾಗುವ ಇನ್ನೊಂದು ದಾರಿಯಿದೆ. ಅದು ಸಂಗ್ರಹಿಸಿದ ಲೆಕ್ಕ ಮೊಬೈಲಿನ ಆ್ಯಪಿನ ಮೂಲಕ ಕಂಪನಿಯ ಸರ್ವರಿಗೆ ಹೋಗಬೇಕಾಗಿದ್ದು, ಆ ಸರ್ವರು ನಿಂತರೆ ಬ್ಯಾಂಡು ಮೂಕವಾಗುತ್ತದೆ. 2012ರಲ್ಲಿ ಜನರಿಂದ ಮುಂಗಡ ಹಣ ಸಂಗ್ರಹಿಸಿ ಹುಟ್ಟಿದ ಪೆಬಲ್ ಗಡಿಯಾರದ ಕಂಪನಿ 2016ರ ಡಿಸೆಂಬರಿನಲ್ಲಿ ಬಾಗಿಲು ಹಾಕಿ ಆಸ್ತಿಯನ್ನು ಫಿಟ್‌ಬಿಟ್‌ಗೆ ಮಾರಿತು. 2018ರ ಜೂನ್ 30ರಂದು ಅದರ ಸರ್ವರುಗಳೂ ನಿಂತವು. ಬಳಕೆದಾರರು ಸುಮ್ಮನಾಗಲಿಲ್ಲ. ರೆಬಲ್ ಎಂಬ ಹೆಸರಿನಲ್ಲಿ ಸ್ವಯಂಸೇವಕರು ಬದಲಿ ಸೇವೆ ಕಟ್ಟಿದರು. ಪರದೆಯ ಜೋಡಣೆ ಸಡಿಲಗೊಂಡು ಚಿತ್ರ ಹರಿದಂತೆ ಕಾಣುತ್ತಿದ್ದ ಹಳೆಯ ಗಡಿಯಾರಗಳನ್ನು ಬಿಚ್ಚಿ, ಒಳಗೆ ಮಡಿಸಿದ ಕಾಗದದ ತುಣುಕಿಟ್ಟು ಒತ್ತಡ ಹೆಚ್ಚಿಸಿ ಸರಿಮಾಡಿಕೊಂಡವರೂ ಇದ್ದರು. ಫಿಟ್‌ಬಿಟ್ಟನ್ನು ಕೊಂಡಿದ್ದ ಗೂಗಲ್ 2025ರ ಜನವರಿಯಲ್ಲಿ ಪೆಬಲ್‌ನ ತಂತ್ರಾಂಶದ ಮೂಲ ಸಂಕೇತವನ್ನು ಸಾರ್ವಜನಿಕಗೊಳಿಸಿತು. ಕಂಪನಿಯ ಸರ್ವರನ್ನು ಅವಲಂಬಿಸದೆ ಪೆಬಲ್, ಮಿ ಬ್ಯಾಂಡುಗಳೊಡನೆ ನೇರವಾಗಿ ಮಾತಾಡುವ ಗ್ಯಾಜೆಟ್‌ಬ್ರಿಜ್ ಎಂಬ ಮುಕ್ತ ಆ್ಯಪೂ ಲಭ್ಯವಿದೆ. ಹೀಗಿರುವುದರಿಂದ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಆ್ಯಪ್ ಬದುಕಿದೆಯೇ ಎಂದು ನೋಡುವುದೇ ಸರಿಯಾದ ಕ್ರಮ.

ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ತೆರೆದ ರಿಪೇರಿ ಹಕ್ಕಿನ ಜಾಲತಾಣ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಧನಗಳನ್ನು ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆಯಾದರೂ, ಅಗ್ಗದ ಬ್ಯಾಂಡನ್ನು ರಿಪೇರಿಗೆ ತರುವುದಕ್ಕಿಂತ ಹೊಸದು ಕೊಳ್ಳುವುದೇ ಸುಲಭವೆಂಬ ಲೆಕ್ಕ ಅಂಗಡಿಗಳಲ್ಲಿ ಇನ್ನೂ ಬದಲಾಗಿಲ್ಲ. ಹೊರತೆಗೆದ ಹಳೆಯ ಬ್ಯಾಟರಿಯನ್ನಂತೂ ಮನೆಯ ಕಸದ ಜೊತೆ ಎಸೆಯಬಾರದು: ತಂತಿಯ ತುದಿಗಳಿಗೆ ಬೇರೆ ಬೇರೆಯಾಗಿ ಟೇಪು ಸುತ್ತಿ, ಸುಡುವ ವಸ್ತುಗಳಿಂದ ದೂರವಿಟ್ಟು, ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ತಲುಪಿಸಬೇಕು.