ಇಲಿ ಹಾಕಿಸಿದ ದೀಪ

ಪ್ಯಾರಿಸ್, 1929ರ ಆಸುಪಾಸು. ಮೊಂಪಾರ್ನಾಸ್ ಬಡಾವಣೆಯ ಸ್ಟುಡಿಯೊ ಒಂದರ ಡಾರ್ಕ್‌ರೂಮಿನಲ್ಲಿ ಲೀ ಮಿಲ್ಲರ್ ನೆಗೆಟಿವ್ ತೊಳೆಯುತ್ತಿದ್ದಳು. ಕಾಲ ಮೇಲೆ ಏನೋ ಹರಿದ ಹಾಗಾಯಿತು. ಇಲಿಯೋ ಮತ್ತೇನೋ, ಆಕೆಗೂ ಗೊತ್ತಾಗಲಿಲ್ಲ. ಚೀರಿದವಳೇ ದೀಪ ಹಾಕಿಬಿಟ್ಟಳು. ಡೆವಲಪರಿನಲ್ಲಿ ಹನ್ನೆರಡರಷ್ಟು ನೆಗೆಟಿವ್‌ಗಳಿದ್ದವು, ಇನ್ನೇನು ತೊಳೆದು ಮುಗಿಯಬೇಕು. ಎಲ್ಲಕ್ಕೂ ಬೆಳಕು ಬಡಿಯಿತು.

ಸೋಲೂರು, ಕುದೂರು, ಮಾಗಡಿಯಂಥ ಊರುಗಳಲ್ಲಿ ಮದುವೆ ಫೋಟೊ ತೆಗೆಯುತ್ತಿದ್ದ ಹಳಬರಿಗೆ ಇದರ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ತೊಳೆಯುವ ಹೊತ್ತಿನಲ್ಲಿ ಬಾಗಿಲು ತೆರೆದ ಹುಡುಗನಿಗೆ ಬೈಗುಳ ಖಂಡಿತ. ಧಾರೆಯ ಫೋಟೊ ಮತ್ತೆ ಬೇಕೆಂದರೆ ಮದುವೆಯನ್ನೇ ಮತ್ತೆ ಮಾಡಿಸಬೇಕಲ್ಲ!

ಸ್ಟುಡಿಯೊದ ಯಜಮಾನ, ಛಾಯಾಗ್ರಾಹಕ ಮ್ಯಾನ್ ರೇ ಬೈಯುವ ಗೋಜಿಗೆ ಹೋಗಲಿಲ್ಲ. ಇದ್ದಬದ್ದ ನೆಗೆಟಿವ್‌ಗಳನ್ನೆಲ್ಲ ಚಿತ್ರವನ್ನು ಸ್ಥಿರಗೊಳಿಸುವ ಹೈಪೋದಲ್ಲಿ ಮುಳುಗಿಸಿ, ಆಮೇಲೆ ಎತ್ತಿ ನೋಡಿದ. ಕಪ್ಪು ಪರದೆಯ ಮುಂದೆ ನಿಂತ ಹೆಣ್ಣಿನ ಬೆತ್ತಲೆ ಚಿತ್ರಗಳವು. ಪರದೆ ಇದ್ದ ಜಾಗಕ್ಕೆ ಕ್ಯಾಮೆರಾದಲ್ಲಿ ಬೆಳಕೇ ತಾಕಿರಲಿಲ್ಲ, ಅಲ್ಲಿನ ಬೆಳ್ಳಿಯ ಲವಣ ಹಾಗೇ ಉಳಿದಿತ್ತು. ದೀಪ ಹೊತ್ತಿದ್ದೇ ತಡ ಅದೂ ಕಪ್ಪಾಗತೊಡಗಿತು. ಮೈಯ ಭಾಗದಲ್ಲಿ ಆಗಲೇ ಕಪ್ಪು ಬೆಳ್ಳಿ ದಟ್ಟವಾಗಿ ಕೂತಿದ್ದರಿಂದ ಹೊಸ ಬೆಳಕು ಅಲ್ಲಿ ಹೆಚ್ಚೇನೂ ಮಾಡಲಾಗಲಿಲ್ಲ. ಎರಡೂ ಸೇರುವ ಅಂಚಿನಲ್ಲಿ, ತೊಳೆಯುವಾಗ ಬಿಡುಗಡೆಯಾದ ಬ್ರೋಮೈಡು ಕಪ್ಪಾಗುವುದನ್ನು ತಡೆಯಿತು. ಹಾಗಾಗಿ ನೆಗೆಟಿವ್‌ನಲ್ಲಿ ಒಂದು ತೆಳು ಬಿಳಿ ಗೆರೆ ಉಳಿಯಿತು. ಪ್ರಿಂಟ್ ಹಾಕಿದಾಗ ಅದೇ ಕಪ್ಪು ಗೆರೆ. ಯಾರೋ ಪೆನ್ಸಿಲಿನಿಂದ ಮೈಯ ಸುತ್ತ ಎಳೆದಂತಿತ್ತು, ಆದರೆ ಯಾರೂ ಎಳೆದಿರಲಿಲ್ಲ. ಮನುಷ್ಯರು ಅರ್ಧ ಮಾಂಸ, ಅರ್ಧ ಲೋಹದಂತೆ ಕಾಣತೊಡಗಿದರು.

ಸೋಲರೈಸೇಷನ್ ಎಂದು ಹೆಸರಾದ ಈ ವಿದ್ಯಮಾನ ಹೊಸದೇನಲ್ಲ. 1860ರ ಸುಮಾರಿಗೇ ಸಬಾತಿಯೇ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು ವರ್ಣಿಸಿ ಬರೆದಿದ್ದ. ಅಲ್ಲಿಂದ ಸುಮಾರು 70 ವರ್ಷ ಇದು ಬಹುಮಟ್ಟಿಗೆ ಕೆಟ್ಟ ಕೆಲಸದ ಗುರುತಾಗಿಯೇ ಉಳಿಯಿತು. ಮ್ಯಾನ್ ರೇ ಕಣ್ಣು ಮಾತ್ರ ಇಂಥದಕ್ಕೆ ಮೊದಲೇ ಪಳಗಿತ್ತು. ಬೆಳಕು ಕಾಣದ ಕಾಗದವೊಂದು ತಪ್ಪಿ ಟ್ರೇಗೆ ಬಿದ್ದಾಗ, ಅದರ ಮೇಲೆ ಲಾಲಿಕೆ, ಥರ್ಮಾಮೀಟರು ಇಟ್ಟು ದೀಪ ಹಾಕಿ, ಕ್ಯಾಮೆರಾ ಇಲ್ಲದೆಯೇ ಚಿತ್ರ ಪಡೆದಿದ್ದ. 1922ರಲ್ಲಿ ಅಂಥ ಹನ್ನೆರಡು ಚಿತ್ರಗಳ ಸಂಪುಟವನ್ನೇ ಹೊರತಂದ. ಕನಸನ್ನೂ ಆಕಸ್ಮಿಕವನ್ನೂ ನಂಬಿ ಹೊರಟ ಆತನಂಥ ಸರ್ರಿಯಲಿಸ್ಟರಿಗೆ ಇಲಿಯೂ ಒಬ್ಬ ಸಹಕಲಾವಿದನೇ.

ಆದರೆ ಇಲಿಯನ್ನು ನಂಬಿ ಸ್ಟುಡಿಯೊ ನಡೆಸಲಾಗದು. ದೀಪ ಎಷ್ಟು ಹೊತ್ತು ಉರಿಯಬೇಕು, ತೊಳೆಯುವುದರ ಯಾವ ಹಂತದಲ್ಲಿ ಉರಿಯಬೇಕು ಎಂದು ಇಬ್ಬರೂ ಮತ್ತೆ ಮತ್ತೆ ಮಾಡಿ ಪಳಗಿದರು. ನನ್ನ ಮಟ್ಟಿಗೆ ನಿಜವಾದ ಆವಿಷ್ಕಾರ ಇದೇ. ಹೆಸರು ಬಂದದ್ದು ಬಹುಕಾಲ ಒಬ್ಬನಿಗೆ ಮಾತ್ರ; ಮಿಲ್ಲರ್ ಎಂದರೆ ಆತನ ರೂಪದರ್ಶಿ ಎಂದೇ ಬರೆದರು. ಆದರೆ 1945ರಲ್ಲಿ ಡಾಖೌ ಯಾತನಾಶಿಬಿರದ ಚಿತ್ರ ತೆಗೆದ ಯುದ್ಧ ಛಾಯಾಗ್ರಾಹಕಿ ಆಕೆ. 1977ರಲ್ಲಿ ಆಕೆ ತೀರಿಕೊಂಡ ಮೇಲೆ ಮನೆಯ ಅಟ್ಟದಲ್ಲಿ ಸಾವಿರಾರು ನೆಗೆಟಿವ್‌ಗಳು ಸಿಕ್ಕವು. ಮಗನಿಗೇ ತಾಯಿಯ ಕೆಲಸ ಅಷ್ಟಾಗಿ ತಿಳಿದಿರಲಿಲ್ಲ.

ಡಾರ್ಕ್‌ರೂಮು ಹೋಯಿತು, ಬೇರೆಯವರು ಬಿಟ್ಟದ್ದರಲ್ಲಿ ಚಿತ್ರ ಕಾಣುವ ಆ ಕಣ್ಣು ಹೋಗಿಲ್ಲ. ನಮ್ಮ ರಾಮನಗರ ಸೀಮೆಯ ಬನ್ನಿಕುಪ್ಪೆಯ ಶಿವರಾಜು ಬೆಂಗಳೂರಿನಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದುಕೊಂಡೇ ಕ್ಯಾಮೆರಾ ಹಿಡಿದವರು. ಕಲಾಲೋಕ ಅವರನ್ನು ಕಾಪ್ ಶಿವ ಎಂದು ಕರೆಯುತ್ತದೆ. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿಯಾಗಿ ನಿಲ್ಲುವ ಕಡೂರು ಕಡೆಯ ಶಾಲಾ ಮೇಷ್ಟ್ರೊಬ್ಬರ ಹಿಂದೆ ಬಿದ್ದು ‘ಬೀಯಿಂಗ್ ಗಾಂಧಿ’ ಸರಣಿ ಮಾಡಿದರು. ಜನ ನೋಡಿ, ನಕ್ಕು ಮುಂದೆ ಹೋಗುವ ದೃಶ್ಯವದು. ಇವರು ಅಲ್ಲೇ ನಿಂತರು. ಇವರನ್ನು ಯಾರೂ ಸರ್ರಿಯಲಿಸ್ಟ್ ಎನ್ನಬೇಕಾಗಿಲ್ಲ, ಬೆಳ್ಳಿಯ ಗಾಂಧಿ ರಸ್ತೆಗೆ ಇಳಿದ ಮೇಲೆ ಆ ಹಣೆಪಟ್ಟಿ ಏತಕ್ಕೆ?

ಸೋಲೂರಿನ ಸುತ್ತಮುತ್ತ ಮುಚ್ಚಿದ ಸ್ಟುಡಿಯೊಗಳವರ ಮನೆಗಳಲ್ಲಿ ನೆಗೆಟಿವ್ ಡಬ್ಬಗಳು ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ. ಬೆಳಕು ಬಡಿದು ಕೆಟ್ಟವೆಂದು ಪಕ್ಕಕ್ಕಿಟ್ಟವುಗಳನ್ನು ಮೊದಲು ನೋಡಿ, ಸ್ಕ್ಯಾನ್ ಮಾಡಿಸಿ.