ದುಡಿಮೆ ಮತ್ತು ಆಶೀರ್ವಾದ: ಕ್ರೈಸ್ತ ಶ್ರದ್ಧೆಯ ಒಂದು ಪದಸಮಸ್ಯೆ

ಹಳೆಯ ಒಡಂಬಡಿಕೆಯ ‘ಜ್ಞಾನೋಕ್ತಿಗಳು’ ಗ್ರಂಥದ 10ನೆಯ ಅಧ್ಯಾಯದಲ್ಲಿ, ಮೇಲ್ನೋಟಕ್ಕೆ ಪರಸ್ಪರ ವಿರುದ್ಧವೆನಿಸುವ ಎರಡು ಮಾತುಗಳಿವೆ. ಮನುಷ್ಯನನ್ನು ಸಿರಿವಂತನನ್ನಾಗಿ ಮಾಡುವುದು ಅವನ ಚುರುಕಾದ ಕೈ ಎಂಬುದು 4ನೆಯ ವಚನದ ಆಶಯ. ಅದನ್ನು ಮಾಡುವುದು ದೇವರ ಆಶೀರ್ವಾದ ಎಂಬುದು 22ನೆಯ ವಚನದ ಆಶಯ. ಹೀಬ್ರೂ ಮೂಲದಲ್ಲಿ ಎರಡೂ ಕಡೆ ಬಳಕೆಯಾಗಿರುವುದು ‘ತಅಶೀರ್’ ಎಂಬ ಒಂದೇ ಕ್ರಿಯಾಪದ. 22ನೆಯ ವಚನದಲ್ಲಿ ‘ಅದೇ’ ಎಂಬ ಅವಧಾರಣಾರ್ಥ ಬರುವಂತೆ ಸರ್ವನಾಮವೊಂದು ಹೆಚ್ಚಾಗಿ ಸೇರಿದೆ. ಆದ್ದರಿಂದ ದುಡಿಮೆ ಮತ್ತು ಆಶೀರ್ವಾದಗಳ ಸಂಬಂಧವು ಕ್ರೈಸ್ತ ಚಿಂತನೆಯಲ್ಲಿ ನಂತರ ಹುಟ್ಟಿಕೊಂಡ ಪ್ರಶ್ನೆಯಲ್ಲ. ಅದು ಆಕರಗ್ರಂಥದೊಳಗೇ ಇರುವ ಪ್ರಶ್ನೆ.

22ನೆಯ ವಚನದ ಉತ್ತರಾರ್ಧ ಇನ್ನೂ ತೊಡಕಿನದು. ಅಲ್ಲಿನ ‘ಎತ್ಸೆವ್’ ಎಂಬ ಪದಕ್ಕೆ ದುಃಖ ಎಂಬ ಅರ್ಥವೂ ಉಂಟು, ಶ್ರಮ ಎಂಬ ಅರ್ಥವೂ ಉಂಟು. ಮೊದಲನೆಯದನ್ನು ಹಿಡಿದರೆ, ದೇವರು ತಾನು ಕೊಟ್ಟ ಸಿರಿಯೊಂದಿಗೆ ದುಃಖವನ್ನು ಕೂಡಿಸುವುದಿಲ್ಲ ಎಂದಾಗುತ್ತದೆ. 1611ರ ಇಂಗ್ಲಿಷ್ ಅನುವಾದ ಈ ದಾರಿಯನ್ನು ಹಿಡಿದಿದೆ. ಎರಡನೆಯದನ್ನು ಹಿಡಿದರೆ, ಶ್ರಮವು ಆಶೀರ್ವಾದಕ್ಕೆ ಏನನ್ನೂ ಕೂಡಿಸಲಾರದು ಎಂದಾಗುತ್ತದೆ. ‘ಆಶೀರ್ವಾದ’ ಎಂಬ ಪದ ಹೀಬ್ರೂವಿನಲ್ಲಿ ಸ್ತ್ರೀಲಿಂಗ, ವಾಕ್ಯದ ಕ್ರಿಯಾಪದವಾದರೋ ಪುಲ್ಲಿಂಗ. ಹೀಗಾಗಿ ದೇವರನ್ನೂ ಕರ್ತೃವೆಂದು ಭಾವಿಸಬಹುದು, ‘ಎತ್ಸೆವ್’ ಪದವನ್ನೂ ಭಾವಿಸಬಹುದು. ಎರಡನೆಯ ಓದನ್ನು ಒಪ್ಪಿದರೆ 4ನೆಯ ವಚನದ ಚುರುಕಾದ ಕೈಗೆ ಏನು ಉಳಿಯಿತೆಂಬ ಪ್ರಶ್ನೆ ಏಳುತ್ತದೆ.

ಈ ಇಬ್ಬಗೆಯನ್ನು ಗ್ರಹಿಸಲು ಕನ್ನಡ ಓದುಗರಿಗೆ ಹೆಚ್ಚಿನ ಶ್ರಮ ಬೇಕಿಲ್ಲ. ‘ಕಷ್ಟಪಟ್ಟು ಮನೆ ಕಟ್ಟಿದ’ ಎಂಬಲ್ಲಿ ‘ಕಷ್ಟ’ ದುಡಿಮೆಯಾಗುತ್ತದೆ, ‘ಗಂಡ ಸತ್ತ ಮೇಲೆ ಬಹಳ ಕಷ್ಟಪಟ್ಟಳು’ ಎಂಬಲ್ಲಿ ಸಂಕಟವಾಗುತ್ತದೆ. ಆದಿಕಾಂಡದ 3ನೆಯ ಅಧ್ಯಾಯದಲ್ಲಿ ಹೆರಿಗೆಯ ನೋವನ್ನೂ ನೆಲದೊಡನೆ ಗಂಡಸು ನಡೆಸುವ ಹೆಣಗಾಟವನ್ನೂ ಹೇಳುವಾಗ ಇದೇ ಧಾತುವಿನಿಂದ ಹುಟ್ಟಿದ ರೂಪಗಳು ಬರುತ್ತವೆ. ಆದರೆ ದುಡಿಮೆಯೇ ಶಾಪವೆಂದು ಇದರಿಂದ ತೀರ್ಮಾನಿಸುವಂತಿಲ್ಲ. ತೋಟವನ್ನು ಸಾಗುವಳಿ ಮಾಡಿ ಕಾಯುವ ಕೆಲಸ ಮನುಷ್ಯನಿಗೆ 2ನೆಯ ಅಧ್ಯಾಯದಲ್ಲೇ, ಎಂದರೆ ಪತನಕ್ಕೆ ಮೊದಲೇ ಒಪ್ಪಿಸಲ್ಪಟ್ಟಿದೆ. ಶಾಪದಿಂದ ಬಂದದ್ದು ಕೆಲಸವಲ್ಲ, ಕೆಲಸದೊಳಗಿನ ಸಂಕಟ. 127ನೆಯ ಕೀರ್ತನೆ ಹೊತ್ತಿಗೆ ಮುಂಚೆ ಎದ್ದು ತಡವಾಗಿ ಮಲಗುವವನು ಉಣ್ಣುವ ಅನ್ನವನ್ನು ಇದೇ ಪದದಿಂದ ಬಣ್ಣಿಸಿ, ದೇವರು ಕಟ್ಟದ ಮನೆಯಲ್ಲಿ ಅಂಥ ಹೆಣಗಾಟ ವ್ಯರ್ಥವೆನ್ನುತ್ತದೆ. ಅಲ್ಲಿ ಕಟ್ಟುವವರು ಕಟ್ಟುತ್ತಲೇ ಇರುತ್ತಾರೆ ಎಂಬುದು ಗಮನಾರ್ಹ. ಕೀರ್ತನೆ ನಿರಾಕರಿಸುವುದು ದುಡಿಮೆಯನ್ನಲ್ಲ, ದುಡಿಮೆಯೇ ಸಾಕೆಂಬ ನಂಬಿಕೆಯನ್ನು.

ಇದರ ಮಗ್ಗುಲಲ್ಲೇ ಅಪಾಯವೊಂದಿದೆ. ಸಿರಿ ಆಶೀರ್ವಾದದ ಗುರುತಾದರೆ ಬಡತನ ಯಾವುದರ ಗುರುತು? ಯೋಬನ ಗೆಳೆಯರು ಈ ತರ್ಕವನ್ನೇ ಹಿಡಿದು, ಸರ್ವಸ್ವವನ್ನೂ ಕಳೆದುಕೊಂಡವನಲ್ಲಿ ಪಾಪವನ್ನು ಹುಡುಕುತ್ತಾರೆ. ಗ್ರಂಥದ ಕೊನೆಯಲ್ಲಿ ದೇವರು ಖಂಡಿಸುವುದು ಆ ಗೆಳೆಯರನ್ನು. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿನ ದ್ರಾಕ್ಷಿತೋಟದ ಸಾಮ್ಯವಂತೂ ಲೆಕ್ಕಾಚಾರವನ್ನೇ ಮುರಿಯುತ್ತದೆ. ಹಗಲೆಲ್ಲ ದುಡಿದವನಿಗೂ ಸಂಜೆ ಬಂದವನಿಗೂ ಅಲ್ಲಿ ಒಂದೇ ಕೂಲಿ. ಸಂಜೆಯವರೆಗೆ ನಿಂತಿದ್ದವರು ಮೈಗಳ್ಳರಲ್ಲ, ಅವರನ್ನು ಯಾರೂ ಕೂಲಿಗೆ ಕರೆದಿರಲಿಲ್ಲವೆಂಬ ವಿವರ ವ್ಯಾಖ್ಯಾನಗಳಲ್ಲಿ ಪಡೆಯಬೇಕಾದಷ್ಟು ಗಮನವನ್ನು ಪಡೆದಿಲ್ಲ. ದುಡಿಯಲೊಲ್ಲದವನು ಉಣ್ಣಬಾರದೆಂಬ ಪೌಲನ ಕಟ್ಟಳೆಯನ್ನೂ (2 ಥೆಸಲೋನಿಕ 3) ಇದರ ಬೆಳಕಿನಲ್ಲಿ ಓದಬೇಕು. ಒಲ್ಲದವನು ಬೇರೆ, ಕೆಲಸ ಸಿಗದವನು ಬೇರೆ.

ಈ ವ್ಯತ್ಯಾಸ ಬರಿಯ ಶಾಸ್ತ್ರಚರ್ಚೆಯಾಗಿ ಉಳಿಯದೆ ಅನ್ನದ ಪ್ರಶ್ನೆಯಾದದ್ದು ಮಂಗಳೂರಿನಲ್ಲಿ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು, ಮತಾಂತರಗೊಂಡವರು ಜಾತಿಯೊಂದಿಗೆ ಕುಲಕಸುಬನ್ನೂ ಎಷ್ಟೋ ಸಲ ಗೇಣಿಯ ನೆಲವನ್ನೂ ಕಳೆದುಕೊಳ್ಳುವುದನ್ನು ಕಂಡರು. ಶ್ರದ್ಧೆಯೇ ಇಲ್ಲಿ ನಿರುದ್ಯೋಗಕ್ಕೆ ಕಾರಣವಾಗಿತ್ತು. 1841ರ ಮುದ್ರಣಾಲಯ, 1851ರಲ್ಲಿ ಬಂದ ಹಾಲರ್ ಬೆಳೆಸಿದ ನೇಯ್ಗೆ, 1865ರಲ್ಲಿ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ತೆರೆದ ಹಂಚಿನ ಕಾರ್ಖಾನೆ, ಇವುಗಳ ಹಿನ್ನೆಲೆಯಲ್ಲಿ ಈ ಸಂಕಟವಿದೆ. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಮಿಶನ್ನಿನ ಹೆಸರು ಮೋಗ್ಲಿಂಗ್, ಕಿಟೆಲ್ ಅವರಿಗೆ ಸೀಮಿತವಾಗಿಬಿಟ್ಟಿದೆ. ಅಚ್ಚಿನ ಮೊಳೆ ಜೋಡಿಸಿದವರ, ಆವೆಗೆ ಹಂಚು ಹೊತ್ತವರ ದುಡಿಮೆ ಆ ಚರಿತ್ರೆಯ ಹೊರಗೇ ಉಳಿದಿದೆ.

ಈ ಉದ್ಯಮಗಳನ್ನು ಮ್ಯಾಕ್ಸ್ ವೇಬರ್ 1904–05ರಲ್ಲಿ ಮಂಡಿಸಿದ ಪ್ರಾಟೆಸ್ಟಂಟ್ ನೀತಿಯ ಸಿದ್ಧಾಂತಕ್ಕೆ ನೇರವಾಗಿ ಜೋಡಿಸುವುದು ಸುಲಭ, ಆದರೆ ಸರಿಯಲ್ಲ. ತಾನು ದೇವರಿಂದ ಆಯ್ಕೆಯಾದವನೋ ಅಲ್ಲವೋ ಎಂಬ ಕ್ಯಾಲ್ವಿನ್‌ಪಂಥೀಯ ತಳಮಳವೇ ವೇಬರನ ವಾದದ ತಿರುಳು. ಬಾಸೆಲಿನ ಪ್ರಚಾರಕರಲ್ಲಿ ಬಹುಮಂದಿ ವ್ಯೂರ್ಟೆಂಬರ್ಗ್‌ನ ಲೂಥರನ್ ಭಕ್ತಿಪಂಥದ ಹಿನ್ನೆಲೆಯವರು. ಮೋಚಿಯ ಕೆಲಸವೂ ಗುರುವಿನ ಕೆಲಸದಂತೆ ದೇವರ ಕರೆಯೇ ಎಂಬ ಲೂಥರನ ‘ಬೆರೂಫ್’ ಕಲ್ಪನೆ ಅವರಿಗೆ ಹತ್ತಿರದ್ದು. ಆ ಕಲ್ಪನೆಯಲ್ಲಿ ಕೆಲಸ ರಕ್ಷಣೆಯನ್ನು ಗಳಿಸಿಕೊಡುವುದಿಲ್ಲ. ರಕ್ಷಣೆ ಕೃಪೆಯಿಂದ ಬಂದದ್ದು, ಕೆಲಸ ನೆರೆಯವನಿಗೆ ಸಲ್ಲುವ ಸೇವೆ.

‘ಬೆರೂಫ್’ ಪದವನ್ನು ‘ಕಾಯಕ’ದೊಂದಿಗೆ ಸಮೀಕರಿಸುವ ರೂಢಿ ಕನ್ನಡದಲ್ಲಿದೆ. ಕಸುಬುಗಳ ಮೇಲುಕೀಳನ್ನು ಅಳಿಸುವಲ್ಲಿ ಎರಡೂ ಹತ್ತಿರವಾಗುತ್ತವೆ, ಆದರೆ ಮಿಗುತಾಯದ ಪ್ರಶ್ನೆಯಲ್ಲಿ ಬೇರೆಯಾಗುತ್ತವೆ. ಜ್ಞಾನೋಕ್ತಿಗಳ 14ನೆಯ ಅಧ್ಯಾಯದಲ್ಲಿ ‘ಎತ್ಸೆವ್’ ನಿಸ್ಸಂದೇಹವಾಗಿ ಶ್ರಮವೆಂಬ ಅರ್ಥದಲ್ಲೇ ಬಂದು, ಅದರ ಫಲವನ್ನು ‘ಮೋತಾರ್’ ಎಂದು ಕರೆದಿದೆ. ಉಳಿಯುವುದು ಎಂಬ ಅರ್ಥದ ಧಾತುವಿನಿಂದ ಬಂದ ಆ ಪದಕ್ಕೆ ಲಾಭವೆಂದು ಅರ್ಥ, ಮಿಕ್ಕದ್ದು ಎಂದೂ ಅರ್ಥ. ಅಲ್ಲಿ ಮಿಗುವುದು ದುಡಿಮೆಯ ಗೌರವ. ಆಯ್ದಕ್ಕಿ ಮಾರಯ್ಯನ ಕಥೆಯಲ್ಲಾದರೋ ಗಂಡ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಿಕ್ಕದ್ದನ್ನು ಮತ್ತೆ ಅಲ್ಲೇ ಸುರಿದು ಬರುವಂತೆ ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳುಹಿಸುತ್ತಾಳೆ.