ಜೀ-ಲಾಕ್: ಆಟದ ಹೆಸರಿನಲ್ಲಿ ಅಡಗಿರುವ ಅಪಾಯ

ಬೆಂಗಳೂರು: ಅಂಗೈಯಗಲದ ಪರದೆ, ಅದರಲ್ಲೊಂದು ಯುದ್ಧವಿಮಾನ, ಎದುರಿಗೆ ಶತ್ರುಗಳ ಸಾಲು. ಗುಂಡಿ ಒತ್ತಿದರೆ ಕ್ಷಿಪಣಿ ಚಿಮ್ಮುತ್ತದೆ. ಜಪಾನಿನ ಸೆಗಾ ಕಂಪನಿ 1990ರಲ್ಲಿ ಹೊರತಂದ ‘ಜೀ-ಲಾಕ್: ಏರ್ ಬ್ಯಾಟಲ್’ ಆಟದ ತಿರುಳು ಇಷ್ಟೇ. ಹೊಸಕೆರೆಹಳ್ಳಿಯ ಮನೆಯೊಂದರ ಜಗಲಿಯಲ್ಲಿ ಕುಳಿತು ಇದನ್ನು ಆಡುವವರಿಗೆ ಹೆಸರಿನ ಅರ್ಥ ಹೊಳೆಯದೇ ಇರಬಹುದು. ಆದರೆ ಇದೇ ನಗರದ ಇನ್ನೊಂದು ಮಗ್ಗುಲಿನ ವಿಮಾನಪುರದಲ್ಲಿ ಆ ಎರಡಕ್ಷರಗಳು ಪೈಲಟ್‌ಗಳ ಜೀವನ್ಮರಣದ ಪ್ರಶ್ನೆ.

ಪುಟ್ಟ ಯಂತ್ರದ ಜಾಣ್ಮೆ

ಈ ಆಟ ಮೊದಲು ಬಂದದ್ದು ಆರ್ಕೇಡ್ ಯಂತ್ರಗಳಿಗೆ. ಅದರ ‘ಆರ್-360’ ಮಾದರಿಯಲ್ಲಿ ಆಟಗಾರನನ್ನು ಆಸನಕ್ಕೆ ಬಿಗಿದು, ಆಸನವನ್ನೇ ತಲೆಕೆಳಗಾಗುವಂತೆ ತಿರುಗಿಸಲಾಗುತ್ತಿತ್ತು. ಅದೇ ಆಟ ಬಳಿಕ ‘ಗೇಮ್ ಗೇರ್’ ಎಂಬ ಕೈಯಂತ್ರಕ್ಕೂ ಬಂತು. 3.2 ಅಂಗುಲದ ಬಣ್ಣದ ಪರದೆ, 8 ಬಿಟ್ ಸಂಸ್ಕಾರಕ, ಆರು ಪೆನ್ಸಿಲ್ ಸೆಲ್‌ಗಳು ಇದರ ಬಂಡವಾಳ. ಆ ಸೆಲ್‌ಗಳು ನಾಲ್ಕೈದು ಗಂಟೆ ಬಾಳಿದರೆ ಹೆಚ್ಚು.

ಚಿತ್ರವನ್ನು ತಾನಾಗಿ ಹಿಗ್ಗಿಸುವ ಶಕ್ತಿ ಈ ಯಂತ್ರಕ್ಕಿರಲಿಲ್ಲ. ಹೀಗಾಗಿ ಒಂದೇ ವಿಮಾನದ ಚಿಕ್ಕ, ದೊಡ್ಡ ಚಿತ್ರಗಳನ್ನು ಮೊದಲೇ ರಚಿಸಿಟ್ಟುಕೊಂಡು ಒಂದರ ಬಳಿಕ ಒಂದನ್ನು ತೋರಿಸಬೇಕಿತ್ತು. ಶತ್ರು ದೂರದಿಂದ ಹತ್ತಿರಕ್ಕೆ ಧಾವಿಸಿ ಬಂದಂತೆ ಕಣ್ಣು ನಂಬುತ್ತಿತ್ತು.

ಏನಿದು ಜೀ-ಲಾಕ್?

ಗುರುತ್ವ ಬಲದ ಹೊರೆಯಿಂದ ಪ್ರಜ್ಞೆ ತಪ್ಪುವುದನ್ನು ವೈಮಾನಿಕ ವೈದ್ಯರು ಜೀ-ಲಾಕ್ ಎನ್ನುತ್ತಾರೆ. ನೆಲದ ಮೇಲೆ ನಿಂತ ಮನುಷ್ಯನ ಮೇಲಿರುವುದು 1 ಜಿ ಬಲ. ವಿಮಾನ ವೇಗವಾಗಿ ತಿರುವು ತೆಗೆದುಕೊಂಡಾಗ ಅದು 9 ಜಿ ತನಕ ಏರಬಲ್ಲದು. ಆಗ 70 ಕಿಲೋ ತೂಕದ ಪೈಲಟ್‌ಗೆ ತನ್ನ ಮೈ 630 ಕಿಲೋದಷ್ಟು ಭಾರವೆನಿಸುತ್ತದೆ.

ತೊಂದರೆ ಇರುವುದು ರಕ್ತದಲ್ಲಿ. ರಕ್ತವೂ ಅಷ್ಟೇ ಭಾರವಾಗಿ ಕಾಲಿನತ್ತ ಇಳಿಯುತ್ತದೆ. ಹೃದಯಕ್ಕೆ ಅದನ್ನು ತಲೆಯವರೆಗೆ ಎತ್ತುವುದು ಅಸಾಧ್ಯವಾಗುತ್ತದೆ. ಕಣ್ಣುಗುಡ್ಡೆಯೊಳಗೆ ಮೊದಲೇ ಒತ್ತಡವಿರುವುದರಿಂದ ಸಾಮಾನ್ಯವಾಗಿ ದೃಷ್ಟಿಯೇ ಮೊದಲು ಮಂಕಾಗುತ್ತದೆ, ಬಳಿಕ ಕಪ್ಪು ಕವಿಯುತ್ತದೆ, ಕೊನೆಗೆ ಪ್ರಜ್ಞೆ ತಪ್ಪುತ್ತದೆ. ಬಲ ಥಟ್ಟನೆ ಏರಿದರೆ ಈ ಮುನ್ಸೂಚನೆಗಳೂ ಸಿಗುವುದಿಲ್ಲ.

ಎಚ್ಚರವಾಗಿ ಮತ್ತೆ ಹತೋಟಿ ಪಡೆಯಲು ಸುಮಾರು ಅರ್ಧ ನಿಮಿಷ ಬೇಕು. ಗಂಟೆಗೆ 900 ಕಿ.ಮೀ. ವೇಗದ ವಿಮಾನ ಅಷ್ಟರಲ್ಲಿ ಏಳೂವರೆ ಕಿಲೋಮೀಟರ್ ಕ್ರಮಿಸಿರುತ್ತದೆ. ಅದರ ಮೂತಿ ನೆಲದತ್ತ ಇದ್ದರೆ ಪೈಲಟ್ ಎಚ್ಚರಗೊಳ್ಳುವ ಅವಕಾಶವೇ ಉಳಿಯುವುದಿಲ್ಲ.

ವಿಮಾನಪುರದ ಪಾಠ

ಇದಕ್ಕೆ ಪರಿಹಾರವಾಗಿ ಪೈಲಟ್‌ಗಳು ಜಿ-ಸೂಟ್ ತೊಡುತ್ತಾರೆ. ತಿರುವಿನಲ್ಲಿ ಅದರ ಚೀಲಗಳು ಗಾಳಿಯಿಂದ ಉಬ್ಬಿ ಕಾಲು ಹಾಗೂ ಹೊಟ್ಟೆಯನ್ನು ಬಿಗಿಹಿಡಿದು ರಕ್ತ ಕೆಳಗಿಳಿಯುವುದನ್ನು ತಡೆಯುತ್ತವೆ. ಸೂಟ್ ಒಂದೇ ಸಾಲದು. ಕಾಲು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು, ಸುಮಾರು ಮೂರು ಸೆಕೆಂಡಿಗೊಮ್ಮೆ ಚುರುಕಾಗಿ ಉಸಿರಾಡುವ ವಿಧಾನವನ್ನೂ ಕಲಿಯಬೇಕು.

ವಾಯುಪಡೆಯ ಪೈಲಟ್‌ಗಳಿಗೆ ಈ ತರಬೇತಿ ದೊರೆಯುವುದು 1957ರಲ್ಲಿ ಆರಂಭವಾದ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ. ಉದ್ದನೆಯ ತೋಳಿನ ತುದಿಯ ಕೋಣೆಯಲ್ಲಿ ಪೈಲಟ್‌ನನ್ನು ಕೂರಿಸಿ ಗಿರ್ರನೆ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರ ಇಲ್ಲಿದೆ. ಗಗನಯಾನ ಯೋಜನೆಯ ಅಭ್ಯರ್ಥಿಗಳ ಮೊದಲ ಹಂತದ ಆಯ್ಕೆ 2019ರಲ್ಲಿ ನಡೆದದ್ದೂ ಇಲ್ಲಿಯೇ.

ಕೈಯಂತ್ರದ ಆಟಗಾರ ಎಷ್ಟು ಬಿರುಸಿನ ತಿರುವು ತೆಗೆದುಕೊಂಡರೂ ಅವನ ಮೇಲಿನ ಬಲ 1 ಜಿ ಆಗಿಯೇ ಉಳಿಯುತ್ತದೆ. ಆಟದಲ್ಲಿ ಗೆಲ್ಲಲು ಬೆರಳಿನ ಚುರುಕು ಸಾಕು. ಆಕಾಶದಲ್ಲಿ ಶತ್ರುವನ್ನು ಗುರಿಯಿಡುವ ಮುನ್ನ ಪೈಲಟ್ ತನ್ನ ಎಚ್ಚರವನ್ನು ಕಾಪಾಡಿಕೊಳ್ಳಬೇಕು. ಮಕ್ಕಳ ಕೈಗೆ ಇಂಥ ಆಟ ಕೊಡುವ ಪೋಷಕರು ಇಷ್ಟನ್ನು ವಿವರಿಸಿದರೆ, ಭೌತಶಾಸ್ತ್ರದ ಒಂದು ಒಳ್ಳೆಯ ಪಾಠ ಜಗಲಿಯಲ್ಲೇ ಮುಗಿದೀತು.